ಜಪಾನಿಗೆ ಹೊರಟವಳ ಕಾವಲು

ಪುಸ್ತಕ ಮೊದಲು ಗೋಡೆಗೆ ಬಡಿಯಿತು, ಆಮೇಲೆ ಮಗಳು.

"ಹೇಳು, ಇನ್ನೊಂದ್ಸಲ ಹೇಳು! ಅದೇನೋ ಒದರ್ತಿದ್ದೆಯಲ್ಲ, ಈಗ ಹೇಳೇ!" ಕಟುಕ ಅವಳ ಜಡೆ ಹಿಡಿದು ತಲೆಯನ್ನು ಹಿಂದಕ್ಕೆ ಜಗ್ಗಿದ.

ಮಗಳು ಹೇಳಿದಳು. ಮೆತ್ತಗಲ್ಲ, ಅಡುಗೆಮನೆಗೂ ಕೇಳುವ ಹಾಗೆ. "ದೊಕೊ ಗಾ ಇತಾಯ್ ದೆಸ್ ಕಾ."

"ಹಂಗಂದ್ರೆ?"

"ಎಲ್ಲಿ ನೋವಾಗ್ತಿದೆ ಅಂತ."

"ಇಲ್ಲಿ," ಎಂದು ಅವನು ಕೆನ್ನೆಗೆ ಬಾರಿಸಿದ. ತುಟಿ ಒಡೆದು ರಕ್ತ ಬಂತು.

ಪಾತ್ರೆ ತೊಳೆಯುತ್ತಿದ್ದ ತಾಯಿ ಒದ್ದೆ ಕೈಯಲ್ಲೇ ಓಡಿ ಬಂದು ಇಬ್ಬರ ನಡುವೆ ನಿಂತಳು. ಆ ಮನೆಯ ನ್ಯಾಯವೇ ಹಾಗೆ: ಮೊದಲ ಏಟು ಯಾರಿಗಾದರೂ ಬೀಳಲಿ, ಉಳಿದದ್ದೆಲ್ಲ ತಾಯಿಯ ಪಾಲು. ಅವಳು ಅಳಲಿಲ್ಲ. ಏಟು ತಿಂದು ಮತ್ತೆ ಪಾತ್ರೆಯ ಮುಂದೆ ಕುಳಿತು ತನ್ನಷ್ಟಕ್ಕೆ ತಾನು ಏನೋ ಗೊಣಗತೊಡಗಿದಳು. ಇತ್ತೀಚೆಗೆ ಅವಳಿಗೆ ಗೊಣಗುವುದು ಜಾಸ್ತಿಯಾಗಿತ್ತು. ಕಟುಕ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಹೆಂಡತಿ ಅಂದ ಮೇಲೆ ಗೊಣಗುತ್ತಾಳೆ, ಅದರಲ್ಲೇನು ವಿಶೇಷ?

ವಿಷಯ ಹೊರಬಿದ್ದದ್ದು ಅವನ ಮಾಂಸದಂಗಡಿಯಲ್ಲಿ. ಮೂಳೆ ಕಡಿಯುತ್ತಿದ್ದಾಗ ಗಿರಾಕಿಯೊಬ್ಬ ಹಲ್ಲು ಕಿರಿದು, "ಏನಣ್ಣ, ನಿಮ್ಮ ಮನೆಯಿಂದ ಜಪಾನಿಗೆ ಓದೋಕೆ ಹೋಗ್ತಿದಾರಂತೆ, ಶುಕ್ರವಾರವೇ ವಿಮಾನವಂತೆ! ನಮಗೊಂದು ಮಾತೂ ಹೇಳಲಿಲ್ವಲ್ಲ?" ಎಂದ. ಕಟುಕನಿಗೆ ಮೈಯೆಲ್ಲ ಉರಿದುಹೋಯಿತು. ಊರಿಗೆಲ್ಲ ಗೊತ್ತಿದ್ದದ್ದು ಮನೆಯ ಯಜಮಾನನಿಗೆ ಗೊತ್ತಿಲ್ಲ! ಪುಸ್ತಕ ಹಿಡಿದು ಬೆಳಗಾದರೆ ಆ ಹಾಳು ಭಾಷೆ ಒದರುತ್ತಿದ್ದವಳು ಕಣ್ಣೆದುರಿಗೇ ಇದ್ದಳು. ಅಂಗಡಿಯ ಮಚ್ಚು ಕೆಳಗಿಡದೆ ಹಾಗೇ ಮನೆಗೆ ಬಂದಿದ್ದ.

ಅಂದಿನಿಂದ ಶುಕ್ರವಾರದವರೆಗೆ ಆ ಮನೆಯಲ್ಲಿ ಒಡೆಯದೆ ಉಳಿದದ್ದು ಕಡಿಮೆ. ಕನ್ನಡಿ ಹೋಯಿತು, ಮಗಳ ಫೋನು ಹೋಯಿತು, ತಾಯಿಯ ಒಂದು ಹಲ್ಲೂ ಹೋಯಿತು. ಆ ವಿಮಾನ ತಪ್ಪಿದರೆ ಕಾಲೇಜಿನ ಸೀಟು ಇನ್ನೊಬ್ಬರಿಗೆ ಹೋಗುತ್ತದೆ, ಮತ್ತೆ ಕೇಳಿದರೂ ಸಿಗುವುದಿಲ್ಲ ಎನ್ನುವುದು ಅವನಿಗೂ ತಿಳಿದಿತ್ತು. ಒಂದು ದಿನ ತಡೆದರೆ ಸಾಕು.

ಶುಕ್ರವಾರ ಅಂಗಡಿ ತೆರೆಯಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ. ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವ ಕೆಲಸವಿದ್ದ ಹೆಂಡತಿಗೂ, "ಇವತ್ತು ಯಾವಳೂ ಆಚೆ ಹೋಗೋ ಹಾಗಿಲ್ಲ. ಮುದುಕರು ಒಂದಿನ ಸ್ನಾನ ಮಾಡದಿದ್ರೆ ಸಾಯಲ್ಲ," ಎಂದ. ಮಗಳನ್ನು ಕೋಣೆಗೆ ತಳ್ಳಿ, ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಮಚ್ಚಿಟ್ಟುಕೊಂಡು ಕುಳಿತ.

ಒಳಗಿನಿಂದ ಮಗಳು ಕೂಗಿದಳು. "ನೀನು ಏನೇ ಮಾಡು ಅಪ್ಪ, ವಿಮಾನ ಹಾರೇ ಹಾರುತ್ತೆ!"

"ಬಾಯ್ಮುಚ್ಚೇ!"

"ನಿನ್ನ ಕೈಲಿ ತಡೆಯೋಕಾಗಲ್ಲ. ಕುರಿ ಕಡಿಯೋದೊಂದು ಬಿಟ್ಟು ನಿನಗೇನು ಬರುತ್ತೆ?"

ಅಷ್ಟು ಸಾಕಾಯಿತು. ಅವನು ಕುರ್ಚಿ ಒದ್ದು, ಬಾಗಿಲು ತೆರೆದು, ಮಚ್ಚನ್ನು ತಿರುವಿ ಹಿಡಿದು ಎತ್ತಿದ. ತಾಯಿ ಎಂದಿನಂತೆ ಅಡ್ಡ ಬಂದಳು. ಆದರೆ ಅಂದು ಅವಳು ಕೈ ಎತ್ತಿ ಮುಖ ಮುಚ್ಚಿಕೊಳ್ಳಲಿಲ್ಲ. ತಲೆ ತಗ್ಗಿಸಲೂ ಇಲ್ಲ, ಒಂದು ಹೆಜ್ಜೆ ಮುಂದೆಯೇ ಬಂದಳು. ಮಚ್ಚಿನ ಹಿಂಬದಿ ಅವಳ ಹಣೆಗೆ ಬಿತ್ತು. ರಕ್ತ ಕಣ್ಣಿಗಿಳಿದು, ಗಲ್ಲದಿಂದ ತೊಟ್ಟಿಕ್ಕಿ, ನೆಲದ ಮೇಲೆ ಹರಡಿತು.

ಕಟುಕ ಒಂದು ಕ್ಷಣ ಬೆಚ್ಚಿದ. ರಕ್ತಕ್ಕೆ ಹೆದರುವವನಲ್ಲ ಅವನು. ಆದರೆ ಹೆಂಡತಿ ಮನೆಯಲ್ಲೇ ಸತ್ತರೆ ಪೊಲೀಸರು ಬರುತ್ತಾರೆ.

"ಥೂ, ದರಿದ್ರವೇ! ಹೋಗು, ಹೊಲಿಗೆ ಹಾಕಿಸ್ಕೊಂಡು ಬಾ. ಡಾಕ್ಟರಿಗೆ ಏನು ಹೇಳ್ಬೇಕು ಗೊತ್ತಲ್ಲ?"

"ಗೊತ್ತು. ಜಾರಿ ಬಿದ್ದೆ ಅಂತ."

ಇದೇನು ಹೊಸದಲ್ಲ. ಮಣಿಕಟ್ಟು ಮುರಿದಾಗಲೂ ಪಕ್ಕೆಲುಬು ಬಿರಿದಾಗಲೂ ಅವಳು ಒಬ್ಬಳೇ ಹೋಗಿದ್ದಳು. ಹೋದರೆ ಬರುವುದು ಸಂಜೆಗೇ. ಎಲ್ಲಿದ್ದೆ ಎಂದು ಅವನು ಕೇಳುತ್ತಿರಲಿಲ್ಲ, ಜೊತೆಗಂತೂ ಹೋಗುತ್ತಲೇ ಇರಲಿಲ್ಲ. ಆ ಡಾಕ್ಟರಮ್ಮ ನೋಡುವ ನೋಟ ಅವನಿಗೆ ಆಗಿಬರುತ್ತಿರಲಿಲ್ಲ. ಆಸ್ಪತ್ರೆಯ ಚೀಲ ಮನೆಯ ಗೂಟಕ್ಕೆ ಸದಾ ಸಿದ್ಧವಾಗಿ ನೇತಾಡುತ್ತಿತ್ತು. ಅವನೇ ಅದನ್ನು ತೆಗೆದು ಅವಳ ಕೈಗಿತ್ತ.

"ಏನೇ ಇಷ್ಟು ಭಾರ?"

"ಬದಲಿ ಬಟ್ಟೆ. ಉಟ್ಟಿದ್ದೆಲ್ಲ ರಕ್ತ ಆಯ್ತಲ್ಲ."

ತಾಯಿ ಹಣೆಗೆ ಟವೆಲು ಒತ್ತಿಕೊಂಡು ಮಗಳನ್ನು ನೋಡಿದಳು. ಕಾಲು ಕದಲಲಿಲ್ಲ.

"ನಿಂತೇ ಇದ್ದೀಯಲ್ಲಮ್ಮ, ಹೋಗು," ಎಂದಳು ಮಗಳು. "ನನ್ನ ಚಿಂತೆ ಬೇಡ. ಹೊತ್ತು ಮಾಡ್ಬೇಡ."

ಕಟುಕ ಬೀಗ ತೆಗೆದು, ತಾನೇ ಆಟೋ ನಿಲ್ಲಿಸಿ ಅವಳನ್ನು ಹತ್ತಿಸಿದ. ವಾಪಸು ಬಂದು ಬೀಗ ಹಾಕಿ, ಕುರ್ಚಿ ಸರಿಮಾಡಿ ಕುಳಿತ. ಮಗಳು ತಾನಾಗಿಯೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಅವಳ ಸೊಕ್ಕು ಇಳಿಯಿತು ಎಂದುಕೊಂಡ. ಹೊರಗೆ ಬಿಸಿಲೇರಿತು.

ಮಧ್ಯಾಹ್ನ ಮನೆಯ ಮೇಲೆ ವಿಮಾನವೊಂದು ಗುಡುಗುತ್ತಾ ಹೋಯಿತು. ಕಟುಕ ಗಡಿಯಾರ ನೋಡಿದ. ಗಹಗಹಿಸಿ ನಕ್ಕು, ಕೋಣೆಯ ಬಾಗಿಲು ದಬಕ್ಕನೆ ತಳ್ಳಿದ. "ಹೋಯ್ತು ನೋಡೇ ನಿನ್ನ ಜಪಾನು!"

ಮಗಳು ಕಿಟಕಿಯ ಸರಳು ಹಿಡಿದು ಆಕಾಶ ನೋಡುತ್ತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನೋಡಿ ಅವನಿಗೆ ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ಮುಂಬಾಗಿಲು ಬಡಿದ ಸದ್ದು. ತೆರೆದರೆ ಪೊಲೀಸರು. ಮುಂದಿದ್ದ ಮಹಿಳಾ ಅಧಿಕಾರಿ ನೆಲದ ರಕ್ತ ನೋಡಿದಳು, ಅವನ ಕೈಯ ಮಚ್ಚು ನೋಡಿದಳು.

"ಅದನ್ನ ಕೆಳಗಿಡು. ಆಸ್ಪತ್ರೆಯಿಂದ ಡಾಕ್ಟರಮ್ಮ ಕಳಿಸಿದಾರೆ. ನಿನ್ನ ಹೆಂಡತಿ ಇವತ್ತು ಜಾರಿ ಬಿದ್ದೆ ಅನ್ನಲಿಲ್ಲ."

ಮಚ್ಚು ನೆಲಕ್ಕೆ ಬಿತ್ತು. "ಅವಳಿಗೆ ತಲೆ ಕೆಟ್ಟಿದೆ ಮೇಡಂ! ಮಗಳನ್ನ ಪರದೇಶಕ್ಕೆ ಕಳಿಸ್ಲಿಲ್ಲ ಅನ್ನೋ ಸಿಟ್ಟು. ಈಗ ಬರ್ತಾಳಲ್ಲ, ನಿಮ್ಮ ಮುಂದೇನೇ ಅವಳ ಬಾಯಿಂದ ನಿಜ ಹೇಳಿಸ್ತೀನಿ."

ಮಗಳು ಕಣ್ಣೊರೆಸಿಕೊಂಡು ಕೋಣೆಯಿಂದ ಹೊರಗೆ ಬಂದಳು. "ಅಮ್ಮ ಬರಲ್ಲಪ್ಪ. ಜಪಾನಿಗೆ ಓದೋಕೆ ಹೊರಟಿದ್ದು ಅವಳು, ನಾನು ಬರೀ ಪಾಠ ಹೇಳಿಕೊಡ್ತಿದ್ದೆ."