ಮೈದಾನದ ಹುಲ್ಲು

ಸುಳ್ಳಾಡಿದವರ ಕಾಲ ಕೆಳಗೆ ಹುಲ್ಲು ಒಣಗುವುದು ಆ ಸೀಮೆಯಲ್ಲಿ ಹೊಸದೇನಲ್ಲ. ಅದಕ್ಕೇ ಕಾಲೇಜಿನ ಉದ್ದೀಪನ ಮದ್ದಿನ ವಿಚಾರಣೆಯೂ ಮೈದಾನದಲ್ಲೇ ನಡೆಯಿತು. ಕೋಚ್ ಫಕೀರಪ್ಪ ಮಾತ್ರ ಸಿಮೆಂಟಿನ ಮೆಟ್ಟಿಲು ಬಿಟ್ಟು ಇಳಿಯಲಿಲ್ಲ.

"ಮೊಣಕಾಲು ನೋವ್ರಿ. ಓಡಿದಾಕಿನ್ನ ಕೇಳ್ರಿ," ಎಂದ.

ಸಾವಂತ್ರಿ ಹುಲ್ಲಿನ ಮೇಲೆ ನಿಂತು, "ಮದ್ದು ಗಿದ್ದು ನಾ ತಗೊಂಡಿಲ್ರಿ," ಎಂದಳು. ತಾನು ಚುಚ್ಚಿದ್ದು ಬರೀ ಶಕ್ತಿಯ ಇಂಜೆಕ್ಷನ್ ಎಂದು ಫಕೀರಪ್ಪ ಕೋಣೆಯೊಳಗೆ ಹೇಳಿದ್ದನ್ನು ಹುಡುಗಿ ನಂಬಿದ್ದಳು. ಹುಲ್ಲು ಹಸಿರಾಗಿಯೇ ಉಳಿಯಿತು. ವಿಚಾರಣೆಯವರು ಎದ್ದು ಹೋದರು.

ಹಿಗ್ಗಿನಲ್ಲಿ ಫಕೀರಪ್ಪ ಮೈಮರೆತು ಮೈದಾನಕ್ಕಿಳಿದು ಅವಳ ತಲೆ ಸವರಿದ.

"ಸರ, ಆ ಇಂಜೆಕ್ಷನ್ ಕೊಟ್ಟಾಗಿಂದ ಎದಿ ಡವಡವ ಹೊಡಕೋತೈತ್ರಿ. ನನಗೇನೂ ಆಗೂದಿಲ್ಲ, ಹೌದಲ್ರಿ?"

"ಏನೂ ಆಗೂದಿಲ್ಲ ಬಿಡವ್ವ."

ಸಾವಂತ್ರಿ ಅವನ ಮುಖ ನೋಡಲಿಲ್ಲ. ಅವನ ಬೂಟಿನ ಸುತ್ತ ಎದ್ದ ಹಳದಿ ತನ್ನ ಬರಿಗಾಲಿನವರೆಗೂ ಹರಡುವುದನ್ನು ನೋಡುತ್ತ ನಿಂತಳು.