ಅಪ್ಪ ತೇದ ಗಂಧ

ಗಂಧದ ವಾಸನೆ ಬಂದರೆ ಈಗಲೂ ಮುಂಬಯಿ ಹತ್ತಿರದ ಠಾಕುರ್ಲಿಯ ನಮ್ಮ ಮನೆಯ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕಪ್ಪ ಲೋಕಲ್ ರೈಲಿನಿಂದ ಬಿದ್ದು ತೀರಿಹೋದ ಮೇಲೆ ಅಪ್ಪ ಪೂಜೆ ಬಿಟ್ಟಿದ್ದರು. ತಮ್ಮನ ಹೆಸರನ್ನೂ ಎತ್ತುತ್ತಿರಲಿಲ್ಲ. ಅಜ್ಜಿ ಒತ್ತಾಯಿಸಲಿಲ್ಲ. "ದೇವರ ಮೇಲೆ ಸಿಟ್ಟಿದ್ರೆ ಇರ್ಲಿ ಮಗಾ. ದಿನಾ ಸ್ವಲ್ಪ ಗಂಧ ತೇದು ಕೊಡು, ಪೂಜೆ ನಾನು ಮಾಡ್ತೇನೆ," ಅಂದಿದ್ದರು.

ತಾಯಿಯ ಮಾತೆಂದು ಅಪ್ಪ ಕೆಲಸಕ್ಕೆ ಹೊರಡುವ ಮೊದಲು, ರಜೆಯ ದಿನ ಮಧ್ಯಾಹ್ನ, ತಪ್ಪದೆ ಕೂತು ತೇಯುತ್ತಿದ್ದರು. ತಿಂಗಳುಗಳು ಕಳೆದವು. ಆ ಮಧ್ಯಾಹ್ನ ಮಾತ್ರ ನುಣ್ಣನೆಯ ಗಂಧವನ್ನು ಅಜ್ಜಿಗೆ ಕೊಡದೆ ತಾವೇ ದೇವರಿಗೆ ಹಚ್ಚಿದರು. ಆಮೇಲೆ ನನ್ನ ಹಣೆಗೂ ಇಟ್ಟು, "ಬಾ, ನಿನ್ನ ಚಿಕ್ಕಪ್ಪ ಈಜು ಕಲಿತ ಕತೆ ಹೇಳ್ತೇನೆ," ಅಂದರು.

ಹೇಳುತ್ತಾ ಅತ್ತರು, ನಕ್ಕರು ಕೂಡ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಅಮ್ಮನಿಗೆ ಅಪ್ಪನನ್ನು ತೋರಿಸಿ, "ನೋಡು, ನನ್ನ ಮಗ," ಅಂದರು. ನಾನು ಎದೆಯುಬ್ಬಿಸಿ ಅಪ್ಪನಿಗೆ ಒತ್ತಿಕೊಂಡು ಕೂತೆ.