ಒಂದು ಮೊಳದ ಕೂರಿಗೆ

ಹೇಳಿದ ದಿನಕ್ಕಿಂತ ಮೊದಲೇ ಕೆಲಸ ಮುಗಿಸಿದ್ದು ಮೇಸ್ತ್ರಿಗಳ ನಲವತ್ತು ವರ್ಷದ ಕಸುಬಿನಲ್ಲಿ ಅದೇ ಮೊದಲು. ಉಳುವ, ಬಿತ್ತುವ, ಒಕ್ಕುವ ಯಾವ ಯಂತ್ರ ಕೆಟ್ಟರೂ ಸುತ್ತಲಿನವರು ಅವರ ಶೆಡ್ಡಿಗೇ ತರುತ್ತಿದ್ದರು. ಯಾರು ಏನು ತಂದರೂ ಅವರು "ನಾಳೆ ಬನ್ನಿ" ಎನ್ನುತ್ತಿದ್ದರು. ಬೆನ್ನ ಹಿಂದೆ ಅವರ ಹೆಸರೇ ನಾಳೆ ಮೇಸ್ತ್ರಿ. ಅಂಥವರು ಶನಿವಾರಕ್ಕೆ ಒಪ್ಪಿಕೊಂಡದ್ದನ್ನು ಶುಕ್ರವಾರ ಬೆಳಿಗ್ಗೆಯೇ ಮುಗಿಸಿ, ಕೆಂಪು ಬಣ್ಣ ಬಳಿದು, ಅಂಗಳಕ್ಕೆ ತಂದಿಟ್ಟರು: ಮುಂದೆ ಟ್ರ್ಯಾಕ್ಟರು, ಹಿಂದೆ ಬಿತ್ತನೆ ಕೂರಿಗೆ, ಎರಡೂ ಸೇರಿ ಒಂದು ಮೊಳ ಉದ್ದ. ಗಿರಾಕಿ, ಆರು ವರ್ಷದ ಮೊಮ್ಮಗಳು.

ಬೂಟ್ ಪಾಲಿಶ್ ಡಬ್ಬಿಗಳು ಚಕ್ರವಾಗಿದ್ದವು. ಸತ್ತುಹೋದ ಅಲಾರಂ ಗಡಿಯಾರದ ಹಲ್ಲುಚಕ್ರಗಳು ಹೊಟ್ಟೆಯೊಳಗೆ ಕೂತಿದ್ದವು. ಸಾಸಿವೆ ತುಂಬಿದ ಡಬ್ಬದ ತಳದಲ್ಲಿ ಒಂದು ಹಸಿರು ಗುಂಡಿ ತಿರುಗುತ್ತಿತ್ತು. ಅದರ ತೂತುಗಳಿಂದ ಕಾಳು ಜಾರಿ, ಪೆನ್ನಿನ ಕೊಳವೆಗಳಲ್ಲಿಳಿದು, ಮಣ್ಣಿಗೆ ಬೀಳುತ್ತಿತ್ತು. ಬಣ್ಣ ಒಣಗಿದ ಕೂಡಲೇ ತಾವೇ ಒಂದು ಸುತ್ತು ಎಳೆದು ನೋಡಬೇಕೆಂದು ಮೇಸ್ತ್ರಿಗಳಿಗೆ ಒಳಗೊಳಗೇ ಆಸೆ. ಆದರೆ ಹುಡುಗಿ ಆಗಲೇ ದಾರ ಹಿಡಿದು ಹೊರಟಿದ್ದಳು. ಅಂಗಳದಲ್ಲಿ ಬಾಚಣಿಗೆ ಎಳೆದಂತೆ ಮೂರು ಸಾಲು ಬಿದ್ದವು.

"ಅಲ್ಲ ರೀ, ನನ್ನ ಸ್ವೆಟರಿನ ಗುಂಡಿ ಎಲ್ಲಿ?" ಎಂದರು ಹೆಂಡತಿ, ಬಾಗಿಲಲ್ಲಿ ನಿಂತು.

"ಬೇಸಾಯಕ್ಕೆ ಸೇರಿಕೊಂಡಿದೆ ಕಣೇ."

"ಸೇರಲಿ ಬಿಡಿ. ಈ ಮನೇಲಿ ಒಬ್ಬರಾದರೂ ಹೊತ್ತಿಗೆ ಸರಿಯಾಗಿ ಕೆಲಸ ಮಾಡಲಿ."

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಬಂದವನು ರೈತ. ಅವನ ದೊಡ್ಡ ಕೂರಿಗೆ ಹನ್ನೆರಡು ದಿನದಿಂದ ಶೆಡ್ಡಿನ ಮೂಲೆಯಲ್ಲಿ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು. ಅವನು ಬಾಯಿ ತೆರೆಯುವ ಮೊದಲೇ ಅಂಗಳದ ಸಾಲುಗಳು ಕಣ್ಣಿಗೆ ಬಿದ್ದವು. ಕುಕ್ಕರುಗಾಲಲ್ಲಿ ಕೂತು ಸಾಲಿನಿಂದ ಸಾಲಿಗೆ ಬೆರಳಿಟ್ಟು ಅಳೆದ. ಎಲ್ಲಾ ಕಡೆಯೂ ನಾಲ್ಕೇ ಬೆರಳು.

"ಮೇಸ್ತ್ರಿಗಳೇ, ನೆಲ ಹದಕ್ಕೆ ಬಂದು ಮೂರು ದಿನ ಆಯ್ತು. ಇನ್ನೆರಡು ದಿನ ಹೋದ್ರೆ ಮಣ್ಣು ಹೆಂಚಾಗುತ್ತೆ, ಈ ವರ್ಷದ ಬಿತ್ತನೆ ಅಲ್ಲಿಗೆ ಮುಗೀತು. ನನ್ನದು ಹಾಗೇ ಬಿದ್ದಿದೆ, ಇಲ್ಲಿ ನಿಮ್ಮ ಅಂಗಳದಲ್ಲಿ ಬಿತ್ತನೆ ಆಗ್ತಿದೆ!"

"ಏನು ಮಾಡ್ಲಿ ಯಜಮಾನ್ರೇ, ನಿಮ್ಮ ಹಲ್ಲುಚಕ್ರ ಇನ್ನೂ ಬಂದಿಲ್ಲ. ನಾಳೆ..."

"ಬಂದಿದೆಯಲ್ಲ ತಾತ," ಎಂದಳು ಮೊಮ್ಮಗಳು, ದಾರ ಬಿಡದೆ. "ಸೋಮವಾರ ಬಂತು. ನೀನು ಅದರ ಮೇಲೆ ಟೀ ಲೋಟ ಇಡ್ತೀಯಲ್ಲ, ಅದೇ."

ಮೇಸ್ತ್ರಿಗಳು ಆಕಾಶ ನೋಡಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಈ ಮಗು ಏನು ಮಂತ್ರ ಹಾಕಿ ಮಾಡಿಸ್ಕೊಂಡಿತು, ಅದಾದ್ರೂ ಹೇಳಿ," ಎಂದು ರೈತ ಮೇಸ್ತ್ರಿಗಳ ಹೆಂಡತಿಯ ಕಡೆ ತಿರುಗಿದ.

"ಮಂತ್ರವೂ ಇಲ್ಲ, ತಂತ್ರವೂ ಇಲ್ಲ. ದಿನಾ ಬಂದು ಶೆಡ್ಡಿನ ಆ ಸ್ಟೂಲಿನ ಮೇಲೆ ಕೂತ್ಕೊಂಡ್ಳು. ಇವರು ನಾಳೆ ಅಂದ್ರೆ, ಸರಿ ತಾತ ಅನ್ನೋಳು, ಏಳ್ತಿರ್ಲಿಲ್ಲ. ನಿಂತು ಕೇಳಿದವರ ಕೆಲಸ ಕೂತಿರುತ್ತೆ ಯಜಮಾನ್ರೇ. ಕೂತು ಕೇಳಿ, ತಾನಾಗೇ ಎದ್ದು ನಿಲ್ಲುತ್ತೆ."

ರೈತ ಚಪ್ಪಲಿ ಬಿಟ್ಟು ಶೆಡ್ಡಿನೊಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತ.

"ಅದು ನಂದು," ಎಂದಳು ಹುಡುಗಿ.

"ನಿನ್ನ ಕೆಲಸ ಆಯ್ತಲ್ಲಮ್ಮ. ಈಗ ನನ್ನ ಸರದಿ."

ಹುಡುಗಿಗೆ ನ್ಯಾಯ ಸರಿ ಕಂಡಿತು. ತನ್ನ ಪುಟ್ಟ ಕೂರಿಗೆಯನ್ನೆತ್ತಿಕೊಂಡು ಶೆಡ್ಡಿನ ಮೇಜಿನ ಕೆಳಗೆ ನುಸುಳಿದಳು.

"ನೀವು ಮನೆಗೆ ಹೋಗಿ, ಹೇಳಿ ಕಳಿಸ್ತೀನಿ," ಎಂದರು ಮೇಸ್ತ್ರಿಗಳು. "ಪರವಾಗಿಲ್ಲ," ಎಂದ ರೈತ. "ಬಿಸಿಲು ಏರುತ್ತೆ." "ಏರಲಿ." ಮಾತು ಮುಗಿಯಿತು, ನೋಟ ಮುಗಿಯಲಿಲ್ಲ. ಬೆನ್ನ ಮೇಲೆ ಕೂತ ನೊಣವನ್ನು ಓಡಿಸಬಹುದು, ನೆಟ್ಟ ಕಣ್ಣನ್ನು ಓಡಿಸುವುದು ಹೇಗೆ? ಮೇಸ್ತ್ರಿಗಳು ಟೀ ಲೋಟ ಎತ್ತಿಟ್ಟು ಹಲ್ಲುಚಕ್ರ ಒರೆಸಿದರು, ಸ್ಪ್ಯಾನರು ಹುಡುಕಿದರು, ಮಲಗಿದ್ದ ಕೂರಿಗೆಯ ಎದೆ ಬಿಚ್ಚಿದರು. ಹನ್ನೆರಡು ದಿನ ಆಗದ ಕೆಲಸ ಮೂರೇ ಗಂಟೆಯಲ್ಲಿ ಆಗಿಹೋಯಿತು. ರೈತ ಎದ್ದು ಕೈಮುಗಿದ, ಸ್ಟೂಲಿಗೂ ಒಂದು ಸಲ ಮುಗಿದ, ಕೂರಿಗೆಯನ್ನು ಹೊರಗೆ ನಿಲ್ಲಿಸಿದ್ದ ತನ್ನ ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೊರಟ.

ಸದ್ದು ದೂರವಾದ ಮೇಲೆ ಮೇಸ್ತ್ರಿಗಳು ಕೈ ತೊಳೆದು ಒರೆಸಿಕೊಂಡರು. ಬೆಳಗಿನ ಆಸೆ ನೆನಪಾಯಿತು. ಬಗ್ಗಿ ಮೇಜಿನ ಕೆಳಗೆ ಇಣುಕಿದರು.

"ಪುಟ್ಟಿ, ಕೊಡೇ ಇಲ್ಲಿ, ತಾತ ಒಂದೇ ಒಂದು ಸುತ್ತು ಎಳೀತೀನಿ."

ಎಣ್ಣೆಬಟ್ಟೆಯೊಂದನ್ನು ನೆಲಕ್ಕೆ ಹಾಸಲಾಗಿತ್ತು. ಅದರ ಮೇಲೆ ಚಕ್ರಗಳು ಒಂದು ಸಾಲು, ಕೊಳವೆಗಳು ಒಂದು ಸಾಲು, ಬೋಲ್ಟುಗಳು ಒಂದು ಸಾಲು. ನಡುವೆ ಹಸಿರು ಗುಂಡಿ, ಅದರ ಮೇಲೆ ಹಾಲಿನ ಲೋಟ. ಹುಡುಗಿಯ ಕಿವಿಯ ಸಂದಿಯಲ್ಲಿ ಪೆನ್ಸಿಲು, ಮೂಗಿನ ತುದಿಯಲ್ಲಿ ಗ್ರೀಸು. ಹುಟ್ಟಿದಾಗಿನಿಂದ ತಾತನನ್ನು "ನೀನು" ಎಂದೇ ಕರೆದವಳು, ತಲೆಯನ್ನೂ ಎತ್ತದೆ, ಬಹಳ ಮರ್ಯಾದೆಯಿಂದ ಹೇಳಿದಳು:

"ಪಾರ್ಟು ಬಂದಿಲ್ಲ ಯಜಮಾನ್ರೇ. ನಾಳೆ ಬನ್ನಿ."

ಬಾಗಿಲಲ್ಲಿ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೇಸ್ತ್ರಿಗಳು ಅತ್ತಿತ್ತ ನೋಡಿದರು. ಆಮೇಲೆ ಆ ಸ್ಟೂಲನ್ನು ಮೆಲ್ಲಗೆ ಎಳೆದುಕೊಂಡು, ಮೇಜಿನ ಎದುರಿಗೆ ಹಾಕಿ, ಮೊಣಕಾಲ ಮೇಲೆ ಕೈಯಿಟ್ಟು ಕುಳಿತರು.